ಪೋಪ್ ಫ್ರಾನ್ಸಿಸ್ ಅವರಲ್ಲಿ ಜೆಸ್ವಿಟ್ ಎಲ್ಲಿ ಕಾಣುತ್ತಿದ್ದರು?

ಶಿವಮೊಗ್ಗದ ಓದುಗ:
ನಾನು ಕ್ರೈಸ್ತನಲ್ಲ, ಆದರೂ ಪೋಪ್ ಫ್ರಾನ್ಸಿಸ್ ಅಂದ್ರೆ ತುಂಬಾ ಗೌರವ. 2025ರ ಏಪ್ರಿಲ್ 21ರಂದು, ಈಸ್ಟರ್‌ನ ಮರುದಿನ, ಅವರು ತೀರಿಕೊಂಡಾಗ ಎಲ್ಲ ಕಡೆ ‘ಮೊದಲ ಜೆಸ್ವಿಟ್ ಪೋಪ್’, ಅಂದ್ರೆ ಯೇಸು ಸಭೆ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘದಿಂದ ಬಂದ ಮೊದಲ ಪೋಪ್, ಅಂತ ಬರೆದರು. ಆದರೆ ಹೆಸರಿಟ್ಟುಕೊಂಡಿದ್ದು ಬೇರೆಯದೇ ಸಂಘ ಕಟ್ಟಿದ ಸಂತ, ಅಸಿಸಿಯ ಫ್ರಾನ್ಸಿಸರದ್ದು ಅಲ್ವಾ? ಹಾಗಾದರೆ ಜೆಸ್ವಿಟರಿಂದ ಅವರಿಗೆ ಬಂದದ್ದೇನು? ಗೊತ್ತಿರುವವರು ಹೇಳಿ.

ಕುಡ್ಲದವ:
ಜೆಸ್ವಿಟ್ ಫಾದರ್‌ಗಳ ಕಾಲೇಜಿನಲ್ಲಿ ಓದಿದವನು ನಾನು, ಸ್ವಲ್ಪ ಹೇಳಬಲ್ಲೆ. ಅವರಲ್ಲಿ ಎಕ್ಸಾಮೆನ್ ಅಂತ ಒಂದು ಪ್ರಾರ್ಥನೆ ಇದೆ. ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಸುಮ್ನೆ ಕೂತು ಆ ದಿನವನ್ನು ತಿರುಗಿ ನೋಡುವುದು: ಯಾವುದಕ್ಕೆ ದೇವರಿಗೆ ಕೃತಜ್ಞತೆ ಹೇಳಬೇಕು, ಎಲ್ಲಿ ಎಡವಿದೆ, ನಾಳೆ ಏನು ಮಾಡಲಿ. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಹಾಕಿಕೊಟ್ಟ ದಾರಿ ಇದು. ಅವಸರ ಬೇಡ, ಮನಸ್ಸಿನೊಳಗೆ ಏನು ನಡೀತಿದೆ ಅಂತ ಮೊದಲು ಗಮನಿಸು ಅನ್ನುವುದೇ ಇದರ ತಿರುಳು. 2022ರಲ್ಲಿ ಫ್ರಾನ್ಸಿಸ್ ತಮ್ಮ ಬುಧವಾರದ ಉಪದೇಶಗಳಲ್ಲಿ ತಿಂಗಳುಗಟ್ಟಲೆ ಇದನ್ನೇ ಬಿಡಿಸಿ ಹೇಳಿದರು.

ಸಂಜೆಮಳೆ:
ಮೇಲಿನವರು ಹೇಳಿದ್ದು ಸರಿ, ಆದರೆ ಅದು ಅವರಿಗೆ ಸುಲಭಕ್ಕೆ ಒಲಿದದ್ದಲ್ಲ. 1973ರಲ್ಲಿ, ಬರೀ 36ನೇ ವಯಸ್ಸಿಗೆ, ಅರ್ಜೆಂಟೀನಾದ ಜೆಸ್ವಿಟರ ಮುಖ್ಯಸ್ಥರಾದರು. ಆಗ ಯಾರನ್ನೂ ಕೇಳದೆ ಒಬ್ಬನೇ ದಿಢೀರಂತ ತೀರ್ಮಾನ ಮಾಡುತ್ತಿದ್ದೆ, ಅದರಿಂದ ತೊಂದರೆಯಾಯಿತು ಅಂತ ಪೋಪ್ ಆದ ಮೇಲೆ ಅವರೇ ಹೇಳಿಕೊಂಡಿದ್ದಾರೆ. 1990ರಲ್ಲಿ ಕೊರ್ದೊಬಾ ನಗರಕ್ಕೆ ಕಳಿಸಿಬಿಟ್ಟರು. ಸುಮಾರು ಎರಡು ವರ್ಷ ಅಧಿಕಾರ ಇಲ್ಲ, ಜನರ ಪಾಪನಿವೇದನೆ ಕೇಳುವುದು, ಓದುವುದು, ಪ್ರಾರ್ಥಿಸುವುದು ಅಷ್ಟೇ. ಅವರು ಮಾಗಿದ್ದು ಅಲ್ಲೇ ಅಂತ ನನ್ನ ಗಟ್ಟಿ ನಂಬಿಕೆ. ಇಲ್ಲದಿದ್ದರೆ ಗಾಜಾದ ಪುಟ್ಟ ಚರ್ಚಿಗೆ, ಯುದ್ಧ ಶುರುವಾದ ಮೇಲೆ ಹೆಚ್ಚುಕಡಿಮೆ ದಿನಾ ಸಂಜೆ ಫೋನ್ ಮಾಡಿ, ಇವತ್ತು ಏನು ಊಟ ಮಾಡಿದಿರಿ ಅಂತ ವಿಚಾರಿಸುವ ಪೋಪ್ ನಮಗೆ ಸಿಗುತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದಲೂ ಮಾಡಿದ್ದಾರೆ.

ಶಿವಮೊಗ್ಗದ ಓದುಗ:
ಇಬ್ಬರಿಗೂ ಥ್ಯಾಂಕ್ಸ್. ಅವರ ಸಮಾಧಿ ಸಾಮಾನ್ಯವಾಗಿ ಪೋಪ್‌ಗಳನ್ನು ಹೂಳುವ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಇಲ್ಲವಂತಲ್ಲ, ಯಾಕೆ?

ಕುಡ್ಲದವ:
ಅವರೇ ಬರೆದಿಟ್ಟ ಇಚ್ಛೆ ಅದು. ರೋಮಿನ ಸಾಂತಾ ಮರಿಯಾ ಮಜ್ಜೋರೆ ಅನ್ನುವ ಬೆಸಿಲಿಕಾದಲ್ಲಿ (ದೊಡ್ಡ ಚರ್ಚ್), ನೆಲದಲ್ಲೇ ಸಮಾಧಿ. ಫ್ರಾನ್ಸಿಸ್ಕುಸ್ ಅಂತ ಲ್ಯಾಟಿನ್ ಹೆಸರೊಂದು ಬಿಟ್ಟರೆ ಬೇರೆ ಬರಹವಿಲ್ಲ. ಪ್ರತಿ ವಿದೇಶ ಪ್ರವಾಸದ ಮುಂಚೆಯೂ ಆಮೇಲೂ ಅಲ್ಲಿನ ಮರಿಯಮ್ಮನವರ ಚಿತ್ರದ ಮುಂದೆ ಹೋಗಿ ಕೂರುತ್ತಿದ್ದರು. ಇಗ್ನೇಷಿಯಸ್ ಪಾದ್ರಿಯಾಗಿ ತಮ್ಮ ಮೊದಲ ಬಲಿಪೂಜೆ (ಮಾಸ್, ಚರ್ಚಿನ ಮುಖ್ಯ ಪೂಜೆ) ಅರ್ಪಿಸಿದ್ದೂ ಅಲ್ಲೇ, 1538ರ ಕ್ರಿಸ್ಮಸ್‌ಗೆ. ರೋಮಿಗೆ ಹೋದರೆ ತಪ್ಪಿಸಬೇಡಿ, ಟರ್ಮಿನಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು.