ಅಡಿಕೆ ತೋಟಕ್ಕೂ ಮಗಳ ಪಾಠಕ್ಕೂ ಒಂದೇ ಮೈಕ್ರೋಸ್ಕೋಪ್ ಸಾಕಾ?

ಪೆರ್ಲದ ತೋಟದವ:
ಎಲ್ಲರಿಗೂ ನಮಸ್ಕಾರ. ಪೆರ್ಲದ ಹತ್ತಿರ ನಮಗೆ ಅಡಿಕೆ, ತೆಂಗು ಇದೆ. ಹೋದ ಮಳೆಗಾಲದಲ್ಲಿ ಎರಡು ಸಲ ಮದ್ದು ಬಿಟ್ಟರೂ ತೋಟದ ಒಂದು ಮೂಲೆಯಲ್ಲಿ ಎಳೆ ಅಡಿಕೆ ಉದುರುತ್ತಲೇ ಇತ್ತು. ಕೊಳೆರೋಗವಾ, ಬೇರೆ ಏನಾದರೂ ತೊಂದರೆಯಾ ಅಂತ ಬರೀ ಕಣ್ಣಿಗೆ ಗೊತ್ತಾಗಲಿಲ್ಲ. ತೆಂಗಿನಲ್ಲಿ ನುಸಿ ಬೇರೆ. ಮಗಳು ಒಂಬತ್ತನೇ ಕ್ಲಾಸ್. ಶಾಲೆಯಲ್ಲಿ ಈರುಳ್ಳಿ ಸಿಪ್ಪೆಯ ಕೋಶ ನೋಡಲು ಇಡೀ ಕ್ಲಾಸಿಗೆ ಒಂದೇ ಮೈಕ್ರೋಸ್ಕೋಪ್, ಅವಳ ಪಾಲಿಗೆ ಸಿಕ್ಕಿದ್ದು ಅರ್ಧ ನಿಮಿಷ. ಮನೆಗೆ ಬಂದು "ಅಪ್ಪಾ, ಇನ್ನೊಮ್ಮೆ ನೋಡಬೇಕಿತ್ತು" ಅಂದಳು. ಅವತ್ತಿನಿಂದ ತಲೆಯಲ್ಲಿ ಇದೇ ಇದೆ.

ಹನ್ನೆರಡು ಸಾವಿರದವರೆಗೆ ಹಾಕಬಹುದು. ಆನ್‌ಲೈನ್‌ನಲ್ಲಿ ಒಂದು 1600 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಹಾಕಿದ್ದಾರೆ. ಇನ್ನೊಂದು ಮೊಬೈಲಿಗೆ ವೈರ್ ಹಾಕಿ ನೋಡುವಂಥದ್ದು, ತುಂಬಾ ಕಡಿಮೆ ಬೆಲೆ. ಒಂದರಲ್ಲೇ ಎರಡೂ ಕೆಲಸ ಆಗುತ್ತದಾ?

ಬದಿಯಡ್ಕದ ಟೀಚರ್:
ಅಣ್ಣಾ, ಎಷ್ಟು ಪಟ್ಟು ಅನ್ನೋದನ್ನ ಸದ್ಯ ಮರೆತುಬಿಡಿ. ನೀವು ನೋಡಬೇಕಾದ ವಸ್ತುವಿನ ಮೂಲಕ ಬೆಳಕು ಹಾದು ಹೋಗುತ್ತದಾ ಇಲ್ಲವಾ, ಮೊದಲು ಅದನ್ನು ನೋಡಿ.

ಈರುಳ್ಳಿ ಸಿಪ್ಪೆ ತೆಳು, ಬೆಳಕು ಕೆಳಗಿನಿಂದ ಬಂದು ದಾಟುತ್ತದೆ. ಅದಕ್ಕೆ ಶಾಲೆಯಲ್ಲಿ ಇರುವಂಥ ಕಾಂಪೌಂಡ್ ಮೈಕ್ರೋಸ್ಕೋಪ್ ಬೇಕು. ಅಡಿಕೆ ಕಾಯಿಯನ್ನು ಅದರ ಕೆಳಗೆ ಇಟ್ಟರೆ ಕಪ್ಪು ಬಿಟ್ಟು ಏನೂ ಕಾಣುವುದಿಲ್ಲ. 40 ಪಟ್ಟಿನ ಲೆನ್ಸಿಗೂ ಸ್ಲೈಡಿಗೂ ನಡುವೆ ಒಂದು ಮಿಲಿಮೀಟರ್ ಜಾಗವೂ ಇರುವುದಿಲ್ಲ, ಕಾಯಿ ತೂರುವುದೂ ಇಲ್ಲ. ಕಾಯಿ, ಹುಳ, ಎಲೆ ಇಂಥದ್ದನ್ನು ಹಾಗೇ ಇಟ್ಟು ಮೇಲಿನಿಂದ ಬೆಳಕು ಬಿಟ್ಟು ನೋಡುವುದು ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ. ಎರಡೂ ಕಣ್ಣಿಗೆ ಬೇರೆ ಬೇರೆ ದಾರಿ ಇರುವುದರಿಂದ ಆಳ ಕಾಣುತ್ತದೆ. ಲೆನ್ಸಿನ ಕೆಳಗೆ ಕೈ ಹಾಕಿ ಸೂಜಿಯಿಂದ ಬಿಡಿಸುತ್ತಲೇ ನೋಡಬಹುದು. ಸಾಮಾನ್ಯವಾಗಿ 10ರಿಂದ 40 ಪಟ್ಟು, ಅಷ್ಟೇ. ಆದರೆ ತೋಟಕ್ಕೆ ಅದು ಧಾರಾಳ.

1600ರ ವಿಷಯ. 100ರ ಲೆನ್ಸಿಗೆ 16ರ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸ್ ಹಾಕಿದರೆ ಲೆಕ್ಕ 1600 ಆಗುತ್ತದೆ ನಿಜ. ಆದರೆ ಬೆಳಕಿಗೇ ಒಂದು ಮಿತಿ ಇದೆ. ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಸುಮಾರು 0.2 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಹತ್ತಿರ ಇರುವ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತವೆ. ಅದರಿಂದ ಮುಂದೆ ದೊಡ್ಡದು ಮಾಡಿದರೆ ಮಸುಕು ದೊಡ್ಡದಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಲೆನ್ಸಿನ ಮೇಲೆ 40/0.65 ಅಂತ ಬರೆದಿರುತ್ತದೆ ನೋಡಿ, ಆ 0.65 ಮುಖ್ಯ, ಲೆನ್ಸ್ ಎಷ್ಟು ಸೂಕ್ಷ್ಮವಾಗಿ ಬಿಡಿಸಿ ತೋರಿಸುತ್ತದೆ ಅನ್ನೋದು ಅದರಿಂದ ಗೊತ್ತಾಗುತ್ತದೆ. ಅದನ್ನು ಸಾವಿರದಿಂದ ಗುಣಿಸಿದರೆ 650. ಆ ಲೆನ್ಸಿನಲ್ಲಿ ಅದಕ್ಕಿಂತ ಜಾಸ್ತಿ ಎಳೆಯುವುದು ಸುಮ್ನೆ. ಆ ಸಂಖ್ಯೆಯನ್ನೇ ಬರೆಯದ ಲೆನ್ಸ್ ತೆಗೆದುಕೊಳ್ಳಬೇಡಿ.

ಮಗಳಿಗೆ 4, 10, 40ರ ಲೆನ್ಸ್, 10ರ ಐಪೀಸ್, ಅಂದರೆ 400 ಪಟ್ಟು ಸಾಕು. 100ರ ಲೆನ್ಸಿಗೆ ಎಣ್ಣೆ ಹಾಕಬೇಕು, ನೋಡಿದ ಮೇಲೆ ಒರೆಸಬೇಕು. ಬ್ಯಾಕ್ಟೀರಿಯಾ ನೋಡುವವರಿಗೆ ಸರಿ, ಈಗಲೇ ಬೇಡ.

ಎಲೆಚುಕ್ಕಿ:
ಟೀಚರ್ ಹೇಳಿದ್ದು ಸರಿ. ನಾನು ಕೃಷಿ ಓದಿದವಳು, ಸಸ್ಯರೋಗದ ಲ್ಯಾಬಿನಲ್ಲಿ ಎರಡು ವರ್ಷ ಇದ್ದೆ. ಆದರೆ ತೋಟಕ್ಕೆ ಸ್ಟೀರಿಯೋ ಕೊಳ್ಳುವ ಮೊದಲು 10 ಪಟ್ಟಿನ ಒಂದು ಕೈಮಸೂರ ತೆಗೆದುಕೊಳ್ಳಿ ಅಣ್ಣ. ಕಿಸೆಯಲ್ಲಿ ಇಟ್ಟುಕೊಂಡು ಮರದ ಬುಡದಲ್ಲೇ ನೋಡಬಹುದು. ಎಳೆ ತೆಂಗಿನಕಾಯಿಯ ತೊಟ್ಟಿನ ಹತ್ತಿರದ ಸಿಪ್ಪೆ ತೆಗೆದು ಒಳಗೆ ನೋಡಿ. ನುಸಿ ಕಾಲು ಮಿಲಿಮೀಟರ್ ಉದ್ದವೂ ಇರುವುದಿಲ್ಲ, ಮಸೂರದಲ್ಲಿ ಬಿಳಿ ಧೂಳು ಹರಿದಾಡಿದ ಹಾಗೆ ಕಾಣುತ್ತದೆ. ಸ್ಟೀರಿಯೋದಲ್ಲಿ 40 ಪಟ್ಟಿಗೆ ನೋಡಿದರೆ ಪುಟ್ಟ ಹುಳದ ಆಕಾರ ಗೊತ್ತಾಗುತ್ತದೆ. ಬೇರೆ ನುಸಿಗಳಿಗೆ ನಾಲ್ಕು ಜೊತೆ ಕಾಲು, ಇದಕ್ಕೆ ಎರಡೇ ಜೊತೆ.

ಅಡಿಕೆ ಉದುರುವುದಕ್ಕೆ ತಿಗಣೆ ಚುಚ್ಚಿದ್ದೂ ಕಾರಣ ಇರಬಹುದು. ಚುಚ್ಚಿದ ಗುರುತು ಮಸೂರದಲ್ಲೇ ಕಾಣುತ್ತದೆ. ಕೊಳೆರೋಗವಾದರೆ ಮಾತ್ರ ನಿಮಗೆ ಕಾಂಪೌಂಡೇ ಬೇಕು. ಉದುರಿದ ಕಾಯಿಯನ್ನು ಒದ್ದೆ ಹತ್ತಿಯ ಜೊತೆ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ಬಿಳಿ ಬೂಸ್ಟು ಬಂದರೆ ಸೂಜಿ ಮೊನೆಯಷ್ಟು ತೆಗೆದು ನೀರಿನ ಹನಿಯಲ್ಲಿ ಇಟ್ಟು ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ. 10ರ ಲೆನ್ಸಿನಲ್ಲಿ ಹುಡುಕಿ, 40ರಲ್ಲಿ ನೋಡಿ. ನಿಂಬೆಹಣ್ಣಿನ ಆಕಾರದ ಚೀಲಗಳು ಕಂಡರೆ ಅದು ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಜೀವಿ, ಕೊಳೆರೋಗದ್ದೇ. ತಣ್ಣನೆ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಆ ಚೀಲ ಒಡೆದು ಒಳಗಿನ ಬೀಜಾಣುಗಳು ಈಜಿಕೊಂಡು ಹೊರಡುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನಾನು ಊಟಕ್ಕೆ ಹೋಗುವುದನ್ನೇ ಮರೆತಿದ್ದೆ. ಬಿಡದೆ ಮಳೆ ಹೊಡೆದಾಗ ರೋಗ ಯಾಕೆ ಹಾಗೆ ಹರಡುತ್ತದೆ, ಮದ್ದು ಕಾಯಿಯ ಮೇಲೆ ಮೊದಲೇ ಯಾಕೆ ಬಿದ್ದಿರಬೇಕು ಅನ್ನೋದು ಆ ಒಂದು ಹನಿಯಲ್ಲೇ ಗೊತ್ತಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದದ್ದೂ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟೇ.

ಅನುಮಾನ ಉಳಿದರೆ ಕಾಯಿ ಹಿಡಿದುಕೊಂಡು ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೋಗಿ ಕೇಳಿ.

ಕುಂಬಳೆ ಕಡಲ ಬದಿ:
ಒಂದು ಮಾತು ಸೇರಿಸುತ್ತೇನೆ, ದಯವಿಟ್ಟು ಗಮನಿಸಿ. ನಾನು ತೆಗೆದುಕೊಂಡ ಕಾಂಪೌಂಡ್ ಎರಡೇ ಮಳೆಗಾಲದಲ್ಲಿ ಹಾಳಾಯಿತು. ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು. ಮಾರಿದವರು ಮರದ ಪೆಟ್ಟಿಗೆಯಲ್ಲೇ ಮುಚ್ಚಿಡಿ ಅಂದಿದ್ದರು, ಹಾಗೇ ಇಟ್ಟಿದ್ದೆ. ನಮ್ಮ ಕಡೆಯ ಆಷಾಢಕ್ಕೆ ಅದು ಆಗುವುದಿಲ್ಲ. ಈಗ ಲೆನ್ಸು, ಐಪೀಸ್ ಬಿಚ್ಚಿ ಗಾಳಿ ಹೋಗದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿದರೆ ಸರಿ, ಪುನಃ ನೀಲಿ ಆಗುತ್ತದೆ. ಐಪೀಸ್ ತೆಗೆದ ಕೊಳವೆಗೆ ಮುಚ್ಚಳ ಹಾಕಲು ಮರೆಯಬೇಡಿ. ಕರೆಂಟ್ ಹೋಗುವ ಊರಲ್ಲವಾ, ಬ್ಯಾಟರಿ ಇರುವ ಎಲ್‌ಇಡಿಯದ್ದೇ ನೋಡಿ.

ಪೆರ್ಲದ ತೋಟದವ:
ತುಂಬಾ ಉಪಕಾರ ಆಯಿತು. ಹಾಗಾದರೆ ಈಗ ಕೈಮಸೂರ ಒಂದು, 400 ಪಟ್ಟಿನ ಕಾಂಪೌಂಡ್ ಒಂದು. ಸ್ಟೀರಿಯೋ ಮುಂದಿನ ಅಡಿಕೆ ಮಾರಿದ ಮೇಲೆ ನೋಡುತ್ತೇನೆ. ಮೊಬೈಲಿನದ್ದು ಬೇಡವಾ ಹಾಗಾದರೆ?

ಎಲೆಚುಕ್ಕಿ:
ಎಲೆ, ಹುಳದ ಫೋಟೋ ತೆಗೆದು ಯಾರಿಗಾದರೂ ಕಳಿಸಲು ಅದು ಪರವಾಗಿಲ್ಲ, ಕೋಶ ನೋಡಲು ಆಗುವುದಿಲ್ಲ. ಮಗಳಿಗೆ ಶಾಲೆಗೆ ಒಯ್ಯಲು ಬೇಕಿದ್ದರೆ ಫೋಲ್ಡ್‌ಸ್ಕೋಪ್ ನೋಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡ ಮಾಡಿದ್ದು, ಕಾಗದ ಮಡಚಿ ಜೋಡಿಸುವುದು, 140 ಪಟ್ಟು. ಈರುಳ್ಳಿ ಕೋಶ ಚೆನ್ನಾಗಿಯೇ ಕಾಣುತ್ತದೆ. ಬಿದ್ದರೂ ಒಡೆಯುವುದಿಲ್ಲ.

ಬದಿಯಡ್ಕದ ಟೀಚರ್:
ಅಂಗಡಿಯಲ್ಲಿ ತೆಗೆದುಕೊಳ್ಳುವಾಗ ಒಂದು ಸ್ಲೈಡ್ ಕೇಳಿ ಇಟ್ಟು ನೋಡಿ. 10ರಲ್ಲಿ ಸರಿ ಮಾಡಿ 40ಕ್ಕೆ ತಿರುಗಿಸಿದಾಗ ಸ್ವಲ್ಪವೇ ತಿರುವಿದರೆ ಸ್ಪಷ್ಟ ಆಗಬೇಕು, ನೋಡುತ್ತಿದ್ದದ್ದು ಅಲ್ಲೇ ನಡುವಿನಲ್ಲಿ ಇರಬೇಕು. ಕೈ ಬಿಟ್ಟ ಮೇಲೆ ಸ್ಲೈಡ್ ಇಡುವ ತಟ್ಟೆ ತಾನಾಗಿ ಕೆಳಗೆ ಜಾರಿದರೆ ಆ ಪೀಸ್ ಬೇಡ. ಮತ್ತೆ ಮಗಳಿಗೆ ಹೇಳಿ, ಈರುಳ್ಳಿಯ ಒಳಬದಿಯ ಪೊರೆ ತೆಗೆದು ನೀರು ಬೆರೆಸಿದ ಟಿಂಚರ್ ಅಯೋಡಿನ್ ಒಂದು ತೊಟ್ಟು ಹಾಕಲಿ, ಕೋಶಕೇಂದ್ರ ಕಂದು ಚುಕ್ಕಿಯಾಗಿ ಎದ್ದು ಕಾಣುತ್ತದೆ. ಈ ಸಲ ಅರ್ಧ ಗಂಟೆ ನೋಡಲಿ.