ಬಾಯಿ ಕ್ಯಾನ್ಸರಿಗೆ ಸಯಾಲಿಕ್ ಆಸಿಡ್ ರಕ್ತ ಪರೀಕ್ಷೆ: ಮಾಡಿಸಿದವರು ಅನುಭವ ಹೇಳ್ರಿ

ಗದಗಿನ ತಂಗಿ: ಅಣ್ಣನಿಗೆ 38 ವರ್ಷ. ಗುಟ್ಕಾ ಹಾಕಿ ಹಾಕಿ ಎಡಗೆನ್ನೆ ಒಳಗೆ ಬಿಳಿ ಮಚ್ಚೆ ಬಿದ್ದಿದೆ. ಡಾಕ್ಟರು ಬಯಾಪ್ಸಿ, ಅಂದರೆ ಚೂರು ಕೊಯ್ದು ಪರೀಕ್ಷೆ ಮಾಡಬೇಕು ಅಂದಿದ್ದಾರೆ, ಇವನು ಒಪ್ಪುತ್ತಿಲ್ಲ. ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಸಯಾಲಿಕ್ ಆಸಿಡ್, ಫ್ಯೂಕೋಸ್ ಅನ್ನೋ ಸಕ್ಕರೆ ಅಂಶ ಏರುತ್ತದಂತೆ. ಅದಷ್ಟೇ ನೋಡಿದರೆ ಸಾಕಾ?

ವಿದ್ಯಾನಗರ, ಹುಬ್ಬಳ್ಳಿ: ನಮ್ಮ ಮನೆಯವರಿಗೆ ಮಾಡಿಸಿದ್ದೆವು. ಇವತ್ತಿಗೂ ಆ ಲ್ಯಾಬಿನವರ ಮೇಲೆ ಸಿಟ್ಟಿದೆ. ಟೆಸ್ಟಿಗೆ 1,850, ಮನೆಗೆ ಬಂದು ರಕ್ತ ತಗೊಂಡಿದ್ದಕ್ಕೆ 150, ಹೊರಗೆ ಕಳಿಸಬೇಕು ಅಂತ 300 ಬೇರೆ. ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಅತ್ತೆ ಊಟ ಬಿಟ್ಟರು. ಮಗಳ ನಿಶ್ಚಿತಾರ್ಥ ಮುಂದೆ ಹಾಕಿದೆವು, ಕಾರ್ಯಾಲಯಕ್ಕೆ ಕೊಟ್ಟ 15,000 ಅಡ್ವಾನ್ಸ್ ವಾಪಸ್ ಬರಲೇ ಇಲ್ಲ. ಸ್ಕ್ಯಾನಿಗೆ 9,500. ಕೊನೆಗೆ ಬಯಾಪ್ಸಿ ಮಾಡಿದರೆ ಕ್ಯಾನ್ಸರೇ ಇಲ್ಲ! ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು, ಜೊತೆಗೆ ಶುಗರ್. ಇವೆರಡಕ್ಕೂ ಆ ಅಂಶ ಏರಬಹುದು ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ?

ರಾಣೆಬೆನ್ನೂರಿನವ: ಅಕ್ಕಾರೆ, ನಿಮಗಾದದ್ದು ಎಲ್ಲರಿಗೂ ಆಗಲ್ಲ. ನಮ್ಮಪ್ಪ ಉಳಿದಿದ್ದೇ ಆ ಟೆಸ್ಟಿನಿಂದ. ನಾಲಿಗೆ ಪಕ್ಕದ ಹುಣ್ಣು ಮಾಯದೇ ಇದ್ದರೂ ‘ಕೊಯ್ದರೆ ಹರಡುತ್ತೆ’ ಅಂತ ಹಟ. ಒಂದು ಡೆಂಟಲ್ ಕಾಲೇಜಿನವರು ಸಂಶೋಧನೆಗೆ ಅಂತ ಪುಕ್ಕಟೆ ರಕ್ತ ತಗೊಂಡರು. ಫ್ಯೂಕೋಸ್, ಸಯಾಲಿಕ್ ಎರಡೂ ಜಾಸ್ತಿ. ಆ ಚೀಟಿ ನೋಡಿದ ಮೇಲೇ ಬಯಾಪ್ಸಿಗೆ ಕೂತರು. ಮೊದಲ ಹಂತ. ಆಪರೇಷನ್ 1,62,000, ಔಷಧಿ 21,000, ಜೋಡೆತ್ತು ಮಾರಿದೆವು. ಮೂಗಿನ ನಳಿಕೆಯಲ್ಲಿ ಹಾಕೋದಕ್ಕೆ ಅವ್ವ ರಾಗಿ ಗಂಜಿಯನ್ನು ಬಿಳಿ ಪಂಚೆಯಲ್ಲಿ ಸೋಸುತ್ತಿದ್ದಳು, ಒಂದು ಕಾಳು ಉಳಿದರೂ ನಳಿಕೆ ಕಟ್ಟುತ್ತಿತ್ತು. ಈಗ ಅಪ್ಪ ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಾರೆ.

ನವಲಗುಂದ: ಎತ್ತು ಯಾಕೆ ಮಾರಿದ್ರಿ? ಆಯುಷ್ಮಾನ್ ಕಾರ್ಡಿನಲ್ಲಿ 5 ಲಕ್ಷದವರೆಗೆ ಇದೆಯಲ್ಲ.

ರಾಣೆಬೆನ್ನೂರಿನವ: ಅದು ಬಿಪಿಎಲ್‌ನವರಿಗೆ. ನಮ್ಮದು ಎಪಿಎಲ್, ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ 30% ಮಾತ್ರ ಸಿಗೋದು. ಅದಕ್ಕೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತಿಳ್ಕೊಂಡು ಮಾತಾಡ್ರಿ.

ಧಾರವಾಡ, ಲ್ಯಾಬ್ ಟೆಕ್ನಿಷಿಯನ್: ಜೀವಕೋಶದ ಮೈ ಮೇಲೆಲ್ಲ ಸಕ್ಕರೆ ಸರಪಳಿ ಇರುತ್ತವೆ. ತುದಿಯಲ್ಲಿ ಸಯಾಲಿಕ್ ಆಸಿಡ್ ಕೂತಿರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಇದು ಹೆಚ್ಚಾಗಿ, ಉದುರಿ ರಕ್ತಕ್ಕೆ ಸೇರುತ್ತದೆ. ಆದರೆ ಎಲ್ಲೇ ಬಾವು ಬಂದರೂ ಲಿವರ್ ಬಿಡುವ ಪ್ರೋಟೀನುಗಳ ಮೇಲೂ ಇದೇ ಇದೆ. ರಿಸಾರ್ಸಿನಾಲ್ ಅನ್ನೋ ರಾಸಾಯನಿಕ ಹಾಕಿ ಕುದಿಸಿದರೆ ನೀಲಿ ಬಣ್ಣ ಬರುತ್ತದೆ, ನಾವು ಆ ಬಣ್ಣ ಅಳೆಯುತ್ತೇವೆ. ಅದು ಬಾಯಿಂದ ಬಂತೋ ಮೊಣಕಾಲಿನಿಂದ ಬಂತೋ ಬಣ್ಣ ಹೇಳಲ್ಲ. ನಾವು ನಿಯತ್ತಾಗಿ ಅಳೆದು ಕೊಡುತ್ತೇವೆ, ಬೈಸಿಕೊಳ್ಳೋರೂ ನಾವೇ.

ವಿದ್ಯಾನಗರ, ಹುಬ್ಬಳ್ಳಿ: ಇದನ್ನೇ ರಿಪೋರ್ಟಿನ ಕೆಳಗೆ ಎರಡು ಸಾಲು ಬರೆದಿದ್ದರೆ ನಮ್ಮ ಮನೆಯಲ್ಲಿ ಅಷ್ಟು ಅಳು ಇರುತ್ತಿರಲಿಲ್ಲ. ಬಣ್ಣ ಅಳೆದವರಿಗೆ ಬಾಯಿ ಇಲ್ಲವೇ?

ಹಾನಗಲ್: ಎಲ್ಲದಕ್ಕೂ ತಂಬಾಕೇ ಕಾರಣ. ನಮ್ಮದು ಅಡಿಕೆ ತೋಟ, ಬರೀ ಅಡಿಕೆಯಿಂದ ಯಾರಿಗೂ ಏನೂ ಆಗಲ್ಲ.

ಧಾರವಾಡ, ಲ್ಯಾಬ್ ಟೆಕ್ನಿಷಿಯನ್: ತಪ್ಪು ರೀ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಕೆನ್ನೆ ಬಿಗಿದು ಬಾಯಿ ತೆರೆಯದ ಹಾಗೆ ಮಾಡೋದೂ ಅಡಿಕೆಯೇ.

ಹಾನಗಲ್: ನಮ್ಮಜ್ಜ 86 ವರ್ಷ ಎಲೆ ಅಡಿಕೆ ಹಾಕಿಯೇ ಬದುಕಿದರು. ತೋಟದವರ ಹೊಟ್ಟೆ ಮೇಲೆ ಹೊಡೀಬೇಡಿ.

ನವಲಗುಂದ: 2013ರಲ್ಲಿ ಗುಟ್ಕಾ ಬಂದ್ ಆಯಿತು ಅಂದರು. ಈಗ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ. ಕೈಯಲ್ಲಿ ಕೂಡಿಸಿ ಹಾಕುತ್ತಾರೆ. ಮೊದಲು ಅದನ್ನು ಕೇಳ್ರಿ.

ಗದಗಿನ ತಂಗಿ: ಜಗಳ ಬಿಡ್ರಿ. ಅಣ್ಣನ ಬಾಯಲ್ಲಿ ಎರಡು ಬೆರಳೂ ಸರಿಯಾಗಿ ಹೋಗಲ್ಲ.

ರಾಣೆಬೆನ್ನೂರಿನವ: ಹಾಗಾದರೆ ರಕ್ತ ಗಿಕ್ತ ಬಿಡು ತಂಗಿ. ರಿಪೋರ್ಟ್ ನಾರ್ಮಲ್ ಬಂದರೆ ಅಣ್ಣ ಅದನ್ನೇ ಹಿಡ್ಕೊಂಡು ಕೂರುತ್ತಾನೆ. ನಾನೇ ಫೋನಿನಲ್ಲಿ ಅಪ್ಪನ ಕೈಲಿ ಮಾತಾಡಿಸುತ್ತೇನೆ.

ಧಾರವಾಡ, ಲ್ಯಾಬ್ ಟೆಕ್ನಿಷಿಯನ್: ಹೌದು, ಕ್ಯಾನ್ಸರ್ ಹೌದೋ ಅಲ್ಲವೋ ಹೇಳೋದು ಬಯಾಪ್ಸಿಯೇ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚೂರು ತೆಗೆಯುತ್ತಾರೆ, ಅದರಿಂದ ಹರಡಲ್ಲ. ಶುಗರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಗದಗಿನ ತಂಗಿ: ಅಪ್ಪಾರ ನಂಬರ್ ಕಳಿಸ್ರಿ. ಅಣ್ಣ ಮನೆಯಲ್ಲೇ ಇದ್ದಾನೆ.