ಸಹಾಯ ಬೇಕು: ವಿಯೆನ್ನಾದ ಸೆಂಟ್ರಲ್‌ಫ್ರೀಡ್‌ಹೋಫ್ ಸ್ಮಶಾನ ನೋಡಿದವರು ಇದ್ದೀರಾ?

ಮುಂದಿನ ತಿಂಗಳು ಅಪ್ಪನ ಜೊತೆ ವಿಯೆನ್ನಾಕ್ಕೆ ಹೋಗ್ತಿದ್ದೀವಿ. ಅರಮನೆಗಳಿಗಿಂತ ಈ ಸ್ಮಶಾನವೇ ನೋಡಬೇಕು ಅಂತ ಅವರ ಹಟ (ನೆಂಟರೆಲ್ಲ ನಗ್ತಿದ್ದಾರೆ, ನಗಲಿ ಬಿಡಿ). 1874ರಲ್ಲಿ ಶುರುವಾದ, ಸುಮಾರು 2.5 ಚದರ ಕಿಲೋಮೀಟರಿನ ಜಾಗ. ಬೀಥೋವನ್, ಶೂಬರ್ಟ್, ಬ್ರಾಮ್ಸ್ ಸಮಾಧಿಗಳು 32ಎ ವಿಭಾಗದಲ್ಲಿವೆ. ಮೊಜಾರ್ಟ್‌ನದು ಅಲ್ಲಿ ಸ್ಮಾರಕ ಮಾತ್ರ.

ಅಪ್ಪನ ಆಸಕ್ತಿ ಸಂಗೀತಗಾರರಿಗಿಂತ ಶವಸಂಸ್ಕಾರದ ಪದ್ಧತಿಗಳ ಮೇಲೆ. ಶವ ಸುಡುವುದಕ್ಕೆ ಚರ್ಚಿನ ವಿರೋಧವಿದ್ದರೂ 1922ರಲ್ಲಿ ಸ್ಮಶಾನದ ಎದುರುಗಡೆಯೇ ಚಿತಾಗಾರ ಬಂತು. ಈಗ ಮರದ ಬುಡದಲ್ಲಿ ಬೂದಿ ಹೂಳುವ ವ್ಯವಸ್ಥೆಯೂ ಇದೆ, ಬೌದ್ಧರಿಗೆ ಪ್ರತ್ಯೇಕ ಭಾಗವೂ ಇದೆ. ಸಮಾಧಿಯ ಜಾಗ ಗುತ್ತಿಗೆಯಂತೆ, ಮನೆಯವರು ನವೀಕರಿಸುತ್ತಿರಬೇಕು. ಎರಡನೇ ಗೇಟಿನ ಶವಸಂಸ್ಕಾರ ಮ್ಯೂಸಿಯಂನಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕಾಲದ, ತಳ ತೆರೆದುಕೊಳ್ಳುವ, ಮತ್ತೆ ಮತ್ತೆ ಬಳಸುವ ಶವಪೆಟ್ಟಿಗೆ ಇದೆಯಲ್ಲ, ಅದನ್ನಂತೂ ನೋಡಲೇಬೇಕಂತೆ!

ಅಪ್ಪನಿಗೆ ಮಂಡಿನೋವು. 71ನೇ ಟ್ರಾಮ್‌ನಲ್ಲಿ ಎರಡನೇ ಗೇಟಿಗೆ ಇಳಿದರೆ, ಒಳಗೆ ಓಡಾಡುವ 106ನೇ ಬಸ್ಸು ಭಾನುವಾರವೂ ಸಿಗುತ್ತಾ? ಒಂದನೇ ಗೇಟಿನ ಹತ್ತಿರದ ಹಳೇ ಯಹೂದಿ ಭಾಗದಲ್ಲಿ ನಡೆಯೋಕೆ ದಾರಿ ಸರಿಯಿದೆಯಾ? ಇಂಗ್ಲಿಷಿನಲ್ಲಿ ವಿವರಿಸುವ ಗೈಡ್ ಗೊತ್ತಿದ್ದರೂ ತಿಳಿಸಿ. ಅಂತ್ಯಕ್ರಿಯೆ ನಡೀತಿದ್ದರೆ ಆ ಕಡೆ ಫೋಟೋ ತೆಗೆಯಲ್ಲ, ಅದು ಗೊತ್ತು.